ಸೊನ್ನೆಯಕ್ಕನ ಒಂದು ಗಂಟೆ

ಮಧ್ಯಾಹ್ನ ಎರಡೂವರೆ ಆಯಿತೆಂದರೆ ಅವಳಿಗೆ ಬಾಯಾರಿಕೆ ಶುರು. ಹತ್ತೊಂಬತ್ತು ವರ್ಷದ ಬಾಯಾರಿಕೆ ಅದು. ಚೊಂಬುಗಟ್ಟಲೆ ನೀರು ಕುಡಿದರೂ ಹೋಗದು. ಮೂರೂವರೆಯ ಹೊತ್ತಿಗೆ ಹೇಳದೆ ಕೇಳದೆ ತಾನಾಗಿ ಹೋಗಿಬಿಡುತ್ತಿತ್ತು. ಡಾಕ್ಟರಿಗೆ ತೋರಿಸಿದ್ದೂ ಆಯಿತು. ಸಕ್ಕರೆ ಇಲ್ಲ, ರಕ್ತದೊತ್ತಡ ಇಲ್ಲ, ಏನೂ ಇಲ್ಲ ಎಂದು ಆತ ಕೈ ತೊಳೆದುಕೊಂಡ. ಏನಿದೆ ಎಂದು ಅವಳಿಗೆ ಗೊತ್ತಿತ್ತು. ಡಾಕ್ಟರಿಗೆ ಹೇಳುವಂಥದ್ದಲ್ಲ, ಅಷ್ಟೇ.

ಸರ್ಕಾರಿ ಖಜಾನೆಯ ಮೂರನೇ ಮಹಡಿಯಲ್ಲಿ, ಮೆಟ್ಟಿಲಿಗೆ ಅಂಟಿಕೊಂಡ ಕೋಣೆಯಲ್ಲಿ ಅವಳ ಮೇಜು. ಕಚೇರಿಯವರೆಲ್ಲ ಅವಳನ್ನು ಸೊನ್ನೆಯಕ್ಕ ಎನ್ನುತ್ತಿದ್ದರು, ಅದೂ ಎದುರಿಗೇ. ಅದಕ್ಕೆ ಕಾರಣ ಒಂದು ಕಾನೂನು. ಸಂಜೆ ನಾಲ್ಕಕ್ಕೆ ದಿನದ ಲೆಕ್ಕ ಮುಚ್ಚುವಾಗ ಸರ್ಕಾರದ ಖಾತೆ ಸೊನ್ನೆಗಿಂತ ಕೆಳಗೆ ಇರಕೂಡದು ಎಂದು ಆ ಕಾನೂನು ಹೇಳುತ್ತಿತ್ತು. ಸೊನ್ನೆ ಇದ್ದರೆ ಸರಿ, ಒಂದು ಕಾಸು ಹೆಚ್ಚಿದ್ದರೆ ಇನ್ನೂ ಸರಿ, ಒಂದು ಕಾಸು ಕಡಿಮೆಯಾದರೆ ಅಪರಾಧ. ಆ ಸೊನ್ನೆಯನ್ನು ಕಾಯುವುದೇ ಅವಳ ನೌಕರಿ.

ಕಂಪ್ಯೂಟರ್ ಬಂದು ಎಷ್ಟೋ ಕಾಲವಾಗಿದ್ದರೂ ಅವಳ ಕೆಲಸ ನಡೆಯುತ್ತಿದ್ದುದು ಒಂದು ಹಗ್ಗದ ಮೇಲೆ. ಕಿಟಕಿಯ ಸರಳಿನಿಂದ ಬೀರುವಿನ ಮೊಳೆಗೆ ಕಟ್ಟಿದ ನೈಲಾನ್ ಹಗ್ಗ, ಅದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಈ ದಿನ ದುಡ್ಡು ಸಾಲದು ಎಂದಾದರೆ ಯಾರದ್ದಾದರೂ ಬಿಲ್ಲಿನ ಚೀಟಿ ಆ ಕ್ಲಿಪ್ಪಿಗೆ ಬೀಳಬೇಕು. ಅವಳು ಆ ಮೇಜಿಗೆ ಬಂದ ಹೊಸದರಲ್ಲಿ ಹಗ್ಗ ಚೀಟಿಗಳ ಭಾರಕ್ಕೆ ಜೋತಾಡುತ್ತಿತ್ತು. ಸಿಮೆಂಟಿನವನು, ಔಷಧಿಯವನು, ಶಾಲೆಗೆ ಬೆಂಚು ಮಾಡಿಕೊಟ್ಟ ಬಡಗಿ, ಎಲ್ಲರೂ ತಿಂಗಳುಗಟ್ಟಲೆ ಗಾಳಿಗೆ ಹಾರಾಡುತ್ತ ನೇತಾಡುತ್ತಿದ್ದರು.

ಆಮೇಲೆ ಒಂದು ದಿನ ಅವಳೊಂದು ತಪ್ಪು ಮಾಡಿದಳು.

ಇಲಾಖೆಯ ಸುತ್ತೋಲೆಯ ಪ್ರಕಾರ ಮೊದಲು ಆ ದಿನ ಬಂದ ತೆರಿಗೆಯನ್ನು ಖಾತೆಗೆ ತೆಗೆದುಕೊಳ್ಳಬೇಕು, ಅದರಲ್ಲಿ ಹಿಡಿಸುವಷ್ಟು ಬಿಲ್ಲುಗಳ ದುಡ್ಡನ್ನು ಆಮೇಲೆ ಬಿಡಬೇಕು. ಪರದೆಯ ಮೇಲೆ ಎರಡೂ ಗುಂಡಿಗಳು ಅಕ್ಕಪಕ್ಕ. ಆ ದಿನ ಅವಳಿಗೆ ಜ್ವರ. ಎರಡೂವರೆಗೆ, ತೆರಿಗೆ ಇನ್ನೂ ಬಂದೇ ಇಲ್ಲದಿರುವಾಗ, ಇದ್ದಬದ್ದ ಬಿಲ್ಲುಗಳನ್ನೆಲ್ಲ ಬಿಟ್ಟುಬಿಟ್ಟಳು. ಅಂಕಿಯ ಎಡಗಡೆ ಪುಟ್ಟದೊಂದು ಗೀಟು ಮೂಡಿತು. ಗೀಟೆಂದರೆ ಸೊನ್ನೆಯಿಂದ ಕೆಳಗೆ.

ಅಷ್ಟರಲ್ಲಿ ಫೋನು. ದೇಶದ ದೊಡ್ಡ ಬ್ಯಾಂಕಿನಲ್ಲಿ ಸರ್ಕಾರದ ಖಾತೆ ನೋಡಿಕೊಳ್ಳುವಾತ. ಅವನ ಮುಖವನ್ನು ಅವಳು ಎಂದೂ ನೋಡಿದವಳಲ್ಲ. ಅವನು ಬರೀ ಒಂದು ದನಿ.

"ಅಮ್ಮಾ, ನೀವು ಸೊನ್ನೆಯಿಂದ ಕೆಳಗಿದ್ದೀರಿ."

"ಗೊತ್ತು ಸಾರ್. ಕೆಲಸ ಹೋಯ್ತು ನಂದು."

"ಅಳ್ಬೇಡಿ. ಕಾನೂನು ನಾಲ್ಕು ಗಂಟೆಗೆ ನೋಡೋದು. ಈಗಿನ್ನೂ ಎರಡು ನಲವತ್ತು."

ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಎರಡು ಐವತ್ತಕ್ಕೆ ಒಂದು ತೆರಿಗೆ ಬಂತು. ಸಿಮೆಂಟಿನವನದು, ಬಿಲ್ಲು ಕೈಗೆ ಬಂದಿತ್ತಲ್ಲ, ಬಾಕಿ ಇಟ್ಟಿದ್ದ ತೆರಿಗೆ ಕಟ್ಟಿದ್ದ. ಆಮೇಲೆ ಔಷಧಿಯವನದು. ಸಂಬಳ ಆದವರು ಅಂಗಡಿಗೆ ಹೋದರು, ಅಂಗಡಿಯವರು ತಮ್ಮ ಪಾಲು ಕಟ್ಟಿದರು. ಮೂರೂವರೆಗೆ ಗೀಟು ಅಳಿಸಿಹೋಯಿತು. ನಾಲ್ಕಕ್ಕೆ ಖಾತೆಯಲ್ಲಿ ಎಂದಿಗಿಂತ ಹೆಚ್ಚೇ ಇತ್ತು, ಹಗ್ಗ ಮಾತ್ರ ಖಾಲಿ. ಅವಳು ಆ ಖಾಲಿ ಹಗ್ಗವನ್ನು ನೋಡುತ್ತ ಬಹಳ ಹೊತ್ತು ಕೂತಿದ್ದಳು.

ಮಾರನೇ ದಿನ ಜ್ವರ ಬಿಟ್ಟಿತ್ತು. ಆದರೂ ಅದೇ ತಪ್ಪನ್ನು ಮಾಡಿದಳು. ಅದರ ಮಾರನೇ ದಿನವೂ ಮಾಡಿದಳು. ಹತ್ತೊಂಬತ್ತು ವರ್ಷ ಮಾಡಿದಳು. ದಿನಾ ಎರಡೂವರೆಗೆ ಫೋನೆತ್ತಿ, "ಇಳೀತಿದ್ದೀನಿ ಸಾರ್" ಎನ್ನುವಳು. "ಬೇಗ ಹತ್ತಿ ಬನ್ನಿ" ಎಂದು ದನಿ ಹೇಳುವುದು. ಸಂಜೆಯ ಲೆಕ್ಕದ ಪುಸ್ತಕದಲ್ಲಿ ನಾಲ್ಕು ಗಂಟೆಯ ಅಂಕಿಗೆ ಮಾತ್ರ ಜಾಗವಿತ್ತು. ಎರಡೂವರೆಗೆ ಏನಿತ್ತು ಎಂದು ಯಾರೂ ಕೇಳಲಿಲ್ಲ. ಕಾನೂನು ಮುರಿದಿರಲಿಲ್ಲ, ಸುತ್ತೋಲೆಯನ್ನು ಮಾತ್ರ ಮುರಿಯುತ್ತಿದ್ದಳು. ಅದಕ್ಕೇ ಆ ಬಾಯಾರಿಕೆ.

ಮನೆಯಲ್ಲಿ ಇದ್ದುದು ಅವಳು ಮತ್ತು ತಾಯಿ. ತಾಯಿಗೆ ಎಂಬತ್ತೊಂದು. ಕಿವಿ, ಕಣ್ಣು, ನಾಲಿಗೆ ಮೂರೂ ಚುರುಕು, ಅದರಲ್ಲೂ ಮೂರನೆಯದು. ಮುದುಕಿಯ ಮಂಚದ ಕೆಳಗೆ ಒಂದು ತಗಡಿನ ಪೆಟ್ಟಿಗೆ, ಅದರ ತುಂಬ ಮೈಸೋಪು. ಐವತ್ತೊಂದು ವರ್ಷದ ಹಿಂದೆ ಬೆಲೆಗೆ ಹುಚ್ಚು ಹಿಡಿದಿತ್ತಂತೆ. ಬೆಳಿಗ್ಗೆ ಬ್ರೆಡ್ಡಿಗಿದ್ದ ಬೆಲೆ ಸಂಜೆಗೆ ಇರುತ್ತಿರಲಿಲ್ಲ. ಗಂಡನ ಸಂಬಳವನ್ನು ಚೀಲದಲ್ಲಿ ಹೊತ್ತು ತಂದರೆ ಚೀಲಕ್ಕೇ ಬೆಲೆ ಹೆಚ್ಚು. ಆಗ ಆಕೆ ಸೋಪು ಕೊಟ್ಟು ಅಕ್ಕಿ ತಂದಳು, ಸೋಪು ಕೊಟ್ಟು ಬಸ್ಸು ಹತ್ತಿದಳು, ಸೋಪು ಕೊಟ್ಟು ಎರಡನೇ ಮಗಳ ಹಲ್ಲು ಕೀಳಿಸಿದಳು. ಆ ಎರಡನೇ ಮಗಳೇ ಸೊನ್ನೆಯಕ್ಕ. ಆ ಹುಚ್ಚು ಇಳಿದ ಮೇಲೆ ಬಂದದ್ದು ಸೊನ್ನೆಯ ಕಾನೂನು.

ಅಂದಿನಿಂದ ಪೆಟ್ಟಿಗೆ ಖಾಲಿಯಾಗಲು ಮುದುಕಿ ಬಿಟ್ಟಿಲ್ಲ. ಹೊಸ ಸೋಪು ಪೆಟ್ಟಿಗೆಗೆ, ಪೆಟ್ಟಿಗೆಯ ಹಳೆಯದು ಬಚ್ಚಲಿಗೆ. ಹೀಗಾಗಿ ಆ ಮನೆಯಲ್ಲಿ ಯಾರೂ ಯಾವತ್ತೂ ಹೊಸ ಸೋಪಿನಲ್ಲಿ ಮುಖ ತೊಳೆದವರಲ್ಲ. ಬಚ್ಚಲಿಗೆ ಬರುವ ಹೊತ್ತಿಗೆ ಅದು ಬಿರುಕುಬಿಟ್ಟು, ವಾಸನೆ ಹೋಗಿ, ಉಜ್ಜಿ ಉಜ್ಜಿ ಕೈ ನೋಯಬೇಕು, ಆಗ ಒಂದಿಷ್ಟು ನೊರೆ.

ಇವರಿಬ್ಬರ ಜೊತೆ ಭಾನುವಾರದ ಊಟಕ್ಕೆ ಬರುವವನು ಸೊನ್ನೆಯಕ್ಕನ ಅಕ್ಕನ ಮಗ. ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ತಟ್ಟೆಯ ಮುಂದೆ ಕೂತರೂ ಪಾಠ ನಿಲ್ಲದು. ಸರ್ಕಾರದ ದುಡ್ಡಿನ ಬಗ್ಗೆ ಹೊಸ ಸಿದ್ಧಾಂತವೊಂದು ಅವನ ತಲೆಗೆ ಹೊಕ್ಕಿತ್ತು.

"ಅಜ್ಜೀ, ನೀವು ನಾವು ಸಂಪಾದಿಸಿ ಖರ್ಚು ಮಾಡ್ಬೇಕು. ಸರ್ಕಾರಕ್ಕೆ ಹಾಗಲ್ಲ. ನೋಟು ಅದರದ್ದೇ. ಅದು ಮೊದಲು ಖರ್ಚು ಮಾಡದೆ ನಮ್ಮ ಕೈಗೆ ನೋಟು ಎಲ್ಲಿಂದ ಬರತ್ತೆ? ಕೈಗೆ ಬರದೆ ತೆರಿಗೆ ಕಟ್ಟೋದು ಯಾವುದರಲ್ಲಿ? ಸೊನ್ನೆ ಅನ್ನೋದು ನಾವೇ ಹಾಕ್ಕೊಂಡ ಬೇಲಿ."

"ಆ ಕಾಲದ ಮಂತ್ರೀನೂ ಹೀಗೇ ಚೆನ್ನಾಗಿ ಮಾತಾಡ್ತಿದ್ದ."

"ಆಗ ಕಾರ್ಖಾನೆ ನಿಂತಿತ್ತು, ಬೆಳೆ ಹೋಗಿತ್ತು. ಕೊಳ್ಳೋಕೆ ಸಾಮಾನೇ ಇರ್ಲಿಲ್ಲ. ಮಿತಿ ಇರೋದು ಸಾಮಾನಿಗೆ, ನೋಟಿಗಲ್ಲ."

"ಸಾಮಾನಿಲ್ಲ ಅಂತ ಗೊತ್ತಿದ್ದೂ ನೋಟು ಅಚ್ಚು ಹಾಕಿದ್ರಲ್ಲಪ್ಪಾ. ಅವರ ಕೈ ಹಿಡಿಯೋರು ಯಾರಿದ್ರು? ಹೇಳು."

ಮೇಷ್ಟ್ರು ದನಿ ಎತ್ತರಿಸಿದ. ಉತ್ತರ ಹೊಳೆಯದಿದ್ದರೆ ಅದು ಅವನ ಅಭ್ಯಾಸ. ಮುದುಕಿಯೂ ಬಿಡುವ ಪೈಕಿಯಲ್ಲ. ಪಲ್ಯ ಆರುತ್ತಿತ್ತು. ಇಬ್ಬರ ಬಾಯಿ ಮುಚ್ಚಿಸಲು ಹೋಗಿ ಸೊನ್ನೆಯಕ್ಕನ ನಾಲಿಗೆ ಜಾರಿತು.

"ದಿನಾ ಒಂದು ಗಂಟೆ ಸೊನ್ನೆಯಿಂದ ಕೆಳಗೇ ಇರ್ತೀವಿ. ಹತ್ತೊಂಬತ್ತು ವರ್ಷದಿಂದ. ಆಕಾಶವೇನೂ ಕಳಚಿ ಬಿದ್ದಿಲ್ಲ. ಇಬ್ರೂ ಸುಮ್ನೆ ಊಟ ಮಾಡಿ."

ಸುಮ್ಮನಾಗುವುದೇನೋ ಆದರು. ಆದರೆ ಮೇಷ್ಟ್ರ ಕಿವಿ ನೆಟ್ಟಗಾಗಿತ್ತು. ತಾಯಿಯಂತೂ ಮಗಳನ್ನು ಹೊಸಬಳನ್ನು ನೋಡುವಂತೆ ನೋಡಿದಳು.

"ನೀನೂ ಅವರ ಹಾಗೇ ಮಾಡ್ತೀಯಾ?" ಎಂದಳು. ಎರಡು ದಿನ ಮಗಳ ಜೊತೆ ಮಾತಿಲ್ಲ.

ಆಗ ಸೊನ್ನೆಯ ಕಾನೂನನ್ನು ಮರಳಿ ನೋಡಲು ಶಾಸನಸಭೆಯ ಸಮಿತಿಯೊಂದು ಕೂತಿತ್ತು. ಸಮಿತಿಯಲ್ಲಿ ಅರ್ಧ ಜನಕ್ಕೆ ಕಾನೂನು ಸಡಿಲಾಗಬೇಕು, ಇನ್ನರ್ಧಕ್ಕೆ ಬಿಗಿಯಾಗಬೇಕು. ಮೇಷ್ಟ್ರು ಆ ಸಮಿತಿಗೆ ಅರವತ್ತು ಪುಟದ ಮನವಿ ಕೊಟ್ಟ. ನಲವತ್ತೆರಡನೇ ಪುಟದಲ್ಲಿ, ತನ್ನ ಮಾತಿಗೆ ಪುರಾವೆ ಬೇಕಿದ್ದರೆ ಖಜಾನೆಯ ದಿನಾಂತ್ಯದ ಮೇಜನ್ನು ಕೇಳಿ ಎಂದು ಬರೆದ. ಆ ಮೇಜಿನಲ್ಲಿ ಕೂರುವವರು ಎಷ್ಟು ಜನ ಎಂದು ಆ ಬುದ್ಧಿವಂತನಿಗೆ ಹೊಳೆದಿರಲಿಲ್ಲ. ಸೊನ್ನೆಯಕ್ಕನ ಹೆಸರಿಗೆ ಕರೆಯೋಲೆ ಬಂತು. ಹನ್ನೊಂದು ದಿನ ಬಿಟ್ಟು ಹಾಜರಾಗಬೇಕು, ಪ್ರಮಾಣ ಮಾಡಿ ಹೇಳಬೇಕು.

"ಚಿಕ್ಕಮ್ಮಾ, ನಿಜ ಹೇಳಿಬಿಡಿ ಸಾಕು," ಎಂದ ಅವನು, ಮುಖ ಅರಳಿಸಿಕೊಂಡು. "ದೇಶಕ್ಕೇ ಒಳ್ಳೇದಾಗತ್ತೆ."

"ನಿವೃತ್ತಿಗೆ ಐದು ತಿಂಗಳಿದೆ ಕಣೋ ನಂಗೆ. ನನ್ನ ಪಿಂಚಣಿ ನಿನ್ನ ಸಿದ್ಧಾಂತ ಕೊಡತ್ತಾ?"

ಅವನ ಮುಖ ಸಣ್ಣದಾಯಿತು. ಪಾಪ, ಕೆಟ್ಟವನಲ್ಲ. ತನ್ನ ಮಾತು ಗೆಲ್ಲಬೇಕು ಎನ್ನುವ ಆಸೆಯಲ್ಲಿ ಚಿಕ್ಕಮ್ಮ ಅದರ ಕೆಳಗೆ ಸಿಕ್ಕಿಕೊಂಡದ್ದು ಕಂಡಿರಲಿಲ್ಲ.

ಖಜಾನಾಧಿಕಾರಿ ತನ್ನ ಕೋಣೆಗೆ ಕರೆದು ಬಾಗಿಲು ಮುಚ್ಚಿದ. "ನೋಡಿ ಅಕ್ಕಾ, ಸೊನ್ನೆ ಮುಟ್ಟಿದ್ದುಂಟು, ದಾಟಿದ್ದಿಲ್ಲ. ಇಷ್ಟು ಹೇಳಿ ಎದ್ದು ಬನ್ನಿ. ಪುಸ್ತಕದಲ್ಲಿ ಇರೋದೂ ಅಷ್ಟೇ ತಾನೇ?"

ಪುಸ್ತಕದಲ್ಲಿ ಇದ್ದುದು ಅಷ್ಟೇ ನಿಜ. ಹನ್ನೊಂದು ದಿನ ಸೊನ್ನೆಯಕ್ಕನಿಗೆ ಕೂತರೆ ಏಳಬೇಕು, ಎದ್ದರೆ ಕೂರಬೇಕು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ವಾಪಸ್ಸು ಬಂದಳು. ಸುಳ್ಳು ಹೇಳಿದರೆ ಪಿಂಚಣಿ ಉಳಿಯುತ್ತದೆ. ನಿಜ ಹೇಳಿದರೆ ಪಿಂಚಣಿಯೂ ಹೋಗಬಹುದು, ಆ ಒಂದು ಗಂಟೆಯೂ ಹೋಗಬಹುದು. ಎರಡನೆಯದನ್ನು ನೆನೆದರೆ ಹಗ್ಗ ಮತ್ತೆ ಜೋತಾಡುವುದು ಅವಳ ಕಣ್ಣ ಮುಂದೆಯೇ ಬರುತ್ತಿತ್ತು.

ಹಿಂದಿನ ದಿನ ಸಂಜೆ ತಾಯಿ ತಾನಾಗಿ ಆ ಮಾತೆತ್ತಿದಳು. "ನಾಳೆ ಏನು ಹೇಳ್ತೀಯ?"

"ಗೊತ್ತಿಲ್ಲಮ್ಮ."

"ನೀನು ಮಾಡಿದ್ದು ನಂಗೆ ಸರಿ ಕಾಣಲ್ಲ. ಆದ್ರೂ ಸುಳ್ಳು ಹೇಳ್ಬೇಡ. ಆ ಕಾಲದಲ್ಲಿ ದಿನಾ ರೇಡಿಯೋದಲ್ಲಿ ಎಲ್ಲಾ ಸರಿಯಾಗಿದೆ ಅಂತಿದ್ರು. ಬೆಲೆಗಿಂತ ಅದು ಜಾಸ್ತಿ ಉರೀತಿತ್ತು."

ಸಮಿತಿಯ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಘನವಂತರು, ಕಿವಿ ಮಾತ್ರ ಮಂದ. ಮನುಷ್ಯ ಜೀವಮಾನದ ಗುಟ್ಟನ್ನು ಒಮ್ಮೆ ಬಾಯಿಬಿಡುವುದೇ ಕಷ್ಟ. ಅವರ ಮುಂದೆ ಎರಡೆರಡು ಸಲ ಬಿಡಬೇಕಿತ್ತು.

"ಖಾತೆ ಎಂದಾದರೂ ಸೊನ್ನೆಗಿಂತ ಕೆಳಗೆ ಹೋಗಿದೆಯೇ?"

"ಹೋಗಿದೆ ಸಾರ್."

"ಏನು?"

"ಹೋಗಿದೆ ಸಾರ್!" ಅವಳು ಕೂಗಿಬಿಟ್ಟಳು. ಹಿಂದಿನ ಸಾಲಿನಲ್ಲಿ ಖಜಾನಾಧಿಕಾರಿ ಕಣ್ಣು ಮುಚ್ಚಿಕೊಂಡ.

"ಎಷ್ಟು ಸಲ?"

"ದಿನಾ ಸಾರ್. ದಿನಾ! ಎರಡೂವರೆಯಿಂದ ಮೂರೂವರೆ. ನಾಲ್ಕಕ್ಕೆ ಸರಿ ಇರತ್ತೆ."

ಕೋಣೆಯಲ್ಲಿ ಗುಸುಗುಸು. ಸಡಿಲಿಸುವ ಕಡೆಯ ಸದಸ್ಯನೊಬ್ಬ ಸಂತೋಷದಿಂದ ಮುಂದೆ ಬಾಗಿದ. "ಅಂದರೆ ಈ ಸೊನ್ನೆ ಎನ್ನುವುದೇ ಸುಳ್ಳು. ಅಲ್ಲವೇನಮ್ಮಾ?"

"ಸುಳ್ಳಲ್ಲ ಸಾರ್. ನಾಲ್ಕಕ್ಕೆ ವಾಪಸ್ ಬರಲೇಬೇಕು ಅಂತ ಇತ್ತಲ್ಲ, ಅದಕ್ಕೇ ಎರಡೂವರೆಗೆ ಇಳಿಯೋ ಧೈರ್ಯ ಬರ್ತಿತ್ತು. ನಾಲ್ಕೇ ಇಲ್ಲ ಅಂದಿದ್ರೆ ನಾನು ಇಳೀತಿರ್ಲಿಲ್ಲ."

ಅವನ ಸಂತೋಷ ಅರ್ಧಕ್ಕೆ ನಿಂತಿತು. ಬಿಗಿ ಮಾಡುವ ಕಡೆಯವನು ಕೇಳಿದ: "ಇಷ್ಟು ವರ್ಷ ಹೀಗೆ ಮಾಡುವಾಗ ಭಯ ಆಗಲಿಲ್ಲವೇ?"

"ದಿನಾ ಆಗತ್ತೆ ಸಾರ್. ಬಾಯಿ ಒಣಗತ್ತೆ."

"ಹಾಗಾದರೆ ನಿಮ್ಮ ಸಲಹೆ ಏನು?" ಎಂದರು ಅಧ್ಯಕ್ಷರು.

"ಹೇಗಿದೆಯೋ ಹಾಗೇ ಬಿಟ್ಬಿಡಿ ಸಾರ್."

"ಏನು?"

"ಹಾಗೇ ಬಿಟ್ಬಿಡಿ!"

ಬಿಡಲಿಲ್ಲ. ಖಜಾನೆ ದಿನಾ ಪಾತಾಳಕ್ಕಿಳಿಯುತ್ತದೆ ಎಂದು ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಬರೆದವು. ಶಾಸನಸಭೆಯಲ್ಲಿ ಎರಡು ದಿನ ಗದ್ದಲ. ಸಡಿಲಿಸಬೇಕೆಂದವರು ಕೂಡ ಹೆದರಿ ಬಾಯಿಗೆ ಬೀಗ ಹಾಕಿಕೊಂಡರು. ಮೂರೇ ವಾರದಲ್ಲಿ ಕಾನೂನು ತಿದ್ದಿದರು. 'ದಿನದ ಲೆಕ್ಕ ಮುಚ್ಚುವಾಗ' ಎಂದಿದ್ದ ಜಾಗದಲ್ಲಿ 'ಯಾವುದೇ ಕ್ಷಣದಲ್ಲಿ' ಎಂದಾಯಿತು. ಸುತ್ತೋಲೆ ಮುರಿದದ್ದಕ್ಕೆ ಸೊನ್ನೆಯಕ್ಕನಿಗೆ ಒಂದು ಛೀಮಾರಿ ಪತ್ರ ಕೊಟ್ಟು ಮೇಜಿನಲ್ಲಿ ಹಾಗೇ ಕೂರಿಸಿದರು, ಆ ಕೆಲಸ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಹೊಸ ಕಾನೂನಿನ ಮೊದಲ ದಿನ ಎರಡೂವರೆಗೆ ಅವಳು ಇಳಿಯಲಿಲ್ಲ. ತೆರಿಗೆ ಬರಲಿ ಎಂದು ಕಾದಳು. ತೆರಿಗೆ ಬರಲಿಲ್ಲ. ಮೂರಕ್ಕೆ ಅವಳೇ ಪಂಪ್‌ಹೌಸ್ ಕಟ್ಟುವ ಗುತ್ತಿಗೆದಾರನಿಗೆ ಫೋನು ಮಾಡಿದಳು.

"ಏನು ಸಾಮಿ, ತೆರಿಗೆ ಕಟ್ಟಲ್ವಾ ಇವತ್ತು?"

"ಬಿಲ್ಲು ಬಿಡಿ ಅಕ್ಕಾ, ಐದು ನಿಮಿಷದಲ್ಲಿ ಕಟ್ತೀನಿ."

"ನೀವು ಕಟ್ಟಿದ್ರೆ ಬಿಲ್ಲು ಬಿಡ್ತೀನಿ."

"ಮತ್ತೆ?"

"ಮತ್ತೆ ಏನು ಮಾಡೋಣ ಹೇಳಿ."

ಅವನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ದುಡ್ಡು ಮೊದಲು ಹೊರಗೆ ಹೋಗಿ ಆಮೇಲೆ ಒಳಗೆ ಬರುವುದಕ್ಕೆ ಇಡೀ ಪಟ್ಟಣ ಒಗ್ಗಿಹೋಗಿತ್ತು. ಚೀಟಿಗಳು ಒಂದೊಂದಾಗಿ ಕ್ಲಿಪ್ಪಿಗೆ ಏರಿದವು. ಎರಡನೇ ದಿನಕ್ಕೆ ಕ್ಲಿಪ್ಪು ಸಾಲದೆ ಗುಂಡುಸೂಜಿ ತಂದಳು. ಮೂರನೇ ದಿನ ಜ್ವರದಾಸ್ಪತ್ರೆಯ ಸಂಬಳದ ಪಟ್ಟಿಯನ್ನೇ ನೇತುಹಾಕಬೇಕಾಯಿತು. ನಾನೂರ ಹನ್ನೆರಡು ಜನರ ಸಂಬಳ. ಖಾತೆ ಮಾತ್ರ ಸೊನ್ನೆಯ ಮೇಲೆ ಠೀವಿಯಿಂದ ನಿಂತಿತ್ತು. ಖಜಾನಾಧಿಕಾರಿ ಬಾಗಿಲಲ್ಲಿ ಇಣುಕಿ, "ಕಾನೂನು ಪಾಲನೆಯಾಗ್ತಿದೆ ತಾನೇ?" ಎಂದು ಕೇಳಿ ಹೋದ. ಆಗುತ್ತಿತ್ತು.

ಆ ಸಂಜೆ ಐದೂವರೆಗೆ ಮೆಟ್ಟಿಲು ಹತ್ತಿ ಮನೆಗೆ ಬಂದರೆ ಬಾಗಿಲು ತೆರೆದೇ ಇದೆ. ತಗಡಿನ ಪೆಟ್ಟಿಗೆ ನಡುಮನೆಗೆ ಬಂದಿದೆ. ಅದರ ಮುಂದೆ ಕಾಲು ಚಾಚಿ ಕೂತ ತಾಯಿ, ಎದುರಿಗೆ ಕೆಳಗಿನ ಮನೆಯ ಆಯಾ. ಜ್ವರದಾಸ್ಪತ್ರೆಯಲ್ಲೇ ಕೆಲಸ ಆಕೆಗೆ. ತಾಯಿ ಆಕೆಯ ಸೆರಗಿಗೆ ಒಂದೊಂದಾಗಿ ಸೋಪು ಹಾಕುತ್ತಿದ್ದಳು.

"ಅಂಗಡಿಯವನಿಗೆ ಕೊಡು. ಅಕ್ಕಿ ಕೊಡ್ತಾನೆ. ಈಗಷ್ಟೇ ನಾನೇ ಹೋಗಿ ಕೇಳಿದೀನಿ, ತಗೊಳ್ತೀನಿ ಅಂದ."

ಆಯಾ ಸೊನ್ನೆಯಕ್ಕನನ್ನು ಕಂಡು ಎದ್ದು ನಿಂತಳು. ಬಯ್ದಿದ್ದರೆ ವಾಸಿಯಿತ್ತು, ಅವಳು ನಾಚಿಕೊಂಡಳು. "ಸಂಬಳ ಆದ ತಕ್ಷಣ ವಾಪಸ್ ಕೊಡ್ತೀನಿ ಅಕ್ಕಾ," ಎಂದು ಸೋಪು ಸೆರಗಿನಲ್ಲಿ ಕಟ್ಟಿಕೊಂಡು ಇಳಿದುಹೋದಳು.

ತಾಯಿ ಪೆಟ್ಟಿಗೆಯ ಮುಚ್ಚಳ ಹಾಕಲಿಲ್ಲ. "ಆವತ್ತು ದುಡ್ಡು ಜಾಸ್ತಿಯಾಗಿ ಸೋಪು ಕೊಟ್ಟೆ," ಎಂದಳು. "ಇವತ್ತು ದುಡ್ಡೇ ಇಲ್ಲದೆ ಕೊಡ್ತಿದ್ದೀನಿ. ನನಗಂತೂ ಎರಡೂ ಒಂದೇ ಥರ ಕಾಣ್ತಿದೆ."

ಸೊನ್ನೆಯಕ್ಕ ಚೀಲ ಹಿಡಿದುಕೊಂಡೇ ನೆಲದ ಮೇಲೆ ಕೂತಳು. ಅವಳಿಗೆ ಅಳು ಬಂತು. ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ನಿಜ ಹೇಳಿದ್ದಕ್ಕೆ ಸಿಕ್ಕ ಫಲ ಇದು, ಆ ಆಯಾಳ ಸೆರಗಿನಲ್ಲಿ ನಾಲ್ಕು ಸೋಪು.

ಹೊಸ ಕಾನೂನಿನ ಜೊತೆ ಪರದೆಯ ಮೇಲೆ ಒಂದು ಹೊಸ ಗುಂಡಿಯೂ ಬಂದಿತ್ತು. ನೆರೆ, ಯುದ್ಧ ಅಥವಾ ಅಂಥ ಆಪತ್ತಿನಲ್ಲಿ ಮಾತ್ರ ಸೊನ್ನೆಯಿಂದ ಕೆಳಗೆ ಇಳಿಯಲು. ಒತ್ತುವ ಮೊದಲು ಕಾರಣ ಬರೆಯಬೇಕು, ಹೊಣೆ ಹೊರುವವರ ಹೆಸರು ಬರೆಯಬೇಕು. ನಾಲ್ಕನೇ ದಿನ ಎರಡೂವರೆಗೆ ಸೊನ್ನೆಯಕ್ಕ ನೀರು ಕುಡಿದು, ಕಾರಣದ ಜಾಗದಲ್ಲಿ 'ಸಂಬಳ' ಎಂದು ಬರೆದಳು. ಹೆಸರಿನ ಜಾಗದಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ಆಮೇಲೆ ಫೋನೆತ್ತಿದಳು.

"ಇಳೀತಿದ್ದೀನಿ ಸಾರ್."

"ಅಕ್ಕಾ, ನೆರೆ ಇಲ್ಲ, ಯುದ್ಧ ಇಲ್ಲ. ನಾನು ತಡೀಬೇಕು ನಿಮ್ಮನ್ನ."

"ತಡೀರಿ."

"ತಡೀಬಹುದಿತ್ತು. ಏನು ಮಾಡ್ಲಿ, ನನ್ನ ಪರದೆ ಇವತ್ತು ಯಾಕೋ ನಿಧಾನ. ಬೇಗ ಹತ್ತಿ ಬನ್ನಿ."

ಒತ್ತಿದಳು. ಮೂರು ದಿನದ ಬಾಕಿಯೆಲ್ಲ ಒಮ್ಮೆಗೇ ಹೋಯಿತು. ಗೀಟು ಮೂಡಿತು, ಅದರ ಮುಂದಿನ ಅಂಕಿ ಅವಳು ಎಂದೂ ಕಾಣದಷ್ಟು ಉದ್ದ. ಮೂರಾಯಿತು. ಸಣ್ಣಪುಟ್ಟ ಅಂಗಡಿಯವರದು ಬಂತು. ಮೂರೂವರೆಯಾಯಿತು, ಬಾಯಾರಿಕೆ ಹೋಗಲಿಲ್ಲ. ಇನ್ನೂ ಹನ್ನೆರಡು ಕೋಟಿ ಕೆಳಗೆ. ಎದ್ದಳು, ಕೂತಳು, ಮತ್ತೆ ಎದ್ದಳು. ಪಂಪ್‌ಹೌಸಿನವನಿಗೆ ಫೋನು ಹಚ್ಚಿದಳು.

"ಬಿಲ್ಲು ಬಂತಲ್ಲ? ಕಟ್ಟಿದ್ರಾ?"

"ನಾಳೆ ಕಟ್ತೀನಿ ಅಕ್ಕಾ, ಈಗ ಊಟಕ್ಕೆ..."

"ನಾಳೆ ಅಲ್ಲ! ಊಟ ಆಮೇಲೆ ಮಾಡಿ! ನಾಲ್ಕರ ಒಳಗೆ ನೀವು ಕಟ್ಟದಿದ್ರೆ ನಾನು ಜೈಲಲ್ಲಿರ್ತೀನಿ, ಕೇಳಿಸ್ತಾ?"

ಹತ್ತೊಂಬತ್ತು ವರ್ಷದಲ್ಲಿ ಅವಳು ಗುತ್ತಿಗೆದಾರನೊಬ್ಬನಿಗೆ ಗದರಿದ್ದು ಅದೇ ಮೊದಲು. ಆತ ಎಂಜಲು ಕೈಯಲ್ಲೇ ಎದ್ದನೋ ಏನೋ, ಮೂರು ಐವತ್ತಾರಕ್ಕೆ ಅವನದು ಬಂದು ಬಿತ್ತು. ಅದರ ಬೆನ್ನಿಗೇ ಸಿಮೆಂಟಿನವನದು. ಗೀಟು ಮಾಯವಾಯಿತು. ಮೂರು ಲಕ್ಷ ಚಿಲ್ಲರೆ ಮೇಲಿತ್ತು ಖಾತೆ. ಹಗ್ಗದ ಮೇಲೆ ಒಂದು ಚೀಟಿಯೂ ಇರಲಿಲ್ಲ. ಕ್ಲಿಪ್ಪುಗಳನ್ನು ಬಿಡಿಸಿ ಡ್ರಾಯರಿಗೆ ಹಾಕಿ, ಚೀಲ ತೆಗೆದುಕೊಂಡು ಮನೆಗೆ ಹೋದಳು.

ಮಾರನೇ ದಿನ ಅವಳ ಕೈಗೆ ಅಮಾನತ್ತಿನ ಪತ್ರ ಬಂತು. ಪಿಂಚಣಿಯನ್ನು ವಿಚಾರಣೆ ಮುಗಿಯುವ ತನಕ ತಡೆಹಿಡಿಯಲಾಗಿದೆ ಎಂದು ಅದರಲ್ಲಿತ್ತು. ಆ ಮೂರು ದಿನದ ಬಿಸಿ ಎಲ್ಲರಿಗೂ ತಟ್ಟಿತ್ತೋ ಏನೋ, ಇನ್ನೊಂದು ತಿಂಗಳಿಗೆ ಶಾಸನಸಭೆ ಸದ್ದಿಲ್ಲದೆ 'ಯಾವುದೇ ಕ್ಷಣದಲ್ಲಿ' ಎನ್ನುವುದನ್ನು ತೆಗೆದು, ಹಳೆಯ ಮಾತನ್ನೇ ಹಾಕಿತು. ಆದರೆ ಅವಳು ಅಪರಾಧ ಮಾಡಿದ ದಿನ ಕಾನೂನು ಇತ್ತಲ್ಲ, ಆದ್ದರಿಂದ ವಿಚಾರಣೆ ನಿಲ್ಲಲಿಲ್ಲ. ಮೇಷ್ಟ್ರು ಕೆಂಡವಾಗಿ, ಈ ಅನ್ಯಾಯದ ಬಗ್ಗೆ ಒಂದು ಲೇಖನ ಬರೆಯುತ್ತೇನೆಂದು ಎದ್ದ.

"ನನ್ನ ಬಗ್ಗೆ ಇನ್ನೊಂದಕ್ಷರ ಬರೆದ್ರೆ ಕಾಲು ಮುರೀತೀನಿ," ಎಂದಳು ಸೊನ್ನೆಯಕ್ಕ. "ಕೂತ್ಕೊ. ಊಟ ಮಾಡು."

ಅವನು ತಲೆ ತಗ್ಗಿಸಿ ಊಟ ಮಾಡಿದ. ಆಮೇಲೆ, "ತಪ್ಪಾಯ್ತು ಚಿಕ್ಕಮ್ಮಾ," ಎಂದ. ಅಂದಿನಿಂದ ತನ್ನ ಸಂಬಳದಲ್ಲಿ ಒಂದು ಪಾಲನ್ನು ಅಕ್ಕಿಡಬ್ಬದ ಕೆಳಗೆ ಇಟ್ಟು ಹೋಗುತ್ತಾನೆ. ಅವಳು ಕಂಡೂ ಕಾಣದವಳಂತಿರುತ್ತಾಳೆ, ಬೇಕಲ್ಲ.

ಕೆಲಸ ಹೋದರೂ ಬಾಯಾರಿಕೆ ಹೋಗಲಿಲ್ಲ. ಎರಡೂವರೆಗೆ ಸರಿಯಾಗಿ ಬರುತ್ತದೆ. ಅವಳು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ತಿರುಗುತ್ತಾಳೆ. "ಅಲ್ಲೇನಿದೆ ಅಂತ ಸುತ್ತುತ್ತೀಯೇ?" ಎಂದು ತಾಯಿ ಗೊಣಗುತ್ತಾಳೆ.

ಒಂದು ಗುರುವಾರ ಎರಡು ನಲವತ್ತಕ್ಕೆ ಮನೆಯ ಫೋನು ಬಡಿಯಿತು. ಆ ದನಿ.

"ಅಕ್ಕಾ, ನಿಮ್ಮ ಜಾಗಕ್ಕೆ ಹೊಸಬಳು ಬಂದಿದ್ದಾಳೆ. ಇವತ್ತು ಮೊದಲ ಸಲ ಇಳಿದಿದ್ದಾಳೆ. ಫೋನಲ್ಲಿ ಅಳ್ತಿದ್ದಾಳೆ ಪಾಪ. ನನ್ನ ಮಾತು ಕೇಳ್ತಿಲ್ಲ, ಬಿಲ್ಲು ವಾಪಸ್ ಎಳ್ಕೊಳ್ತೀನಿ ಅಂತಾಳೆ."

"ಎಷ್ಟಿದೆ?"

"ಎಂಟು ಕೋಟಿ ಕೆಳಗೆ."

"ಇವತ್ತು ಗುರುವಾರ ಅಲ್ವಾ? ಬಂದರಿನ ಸುಂಕ ಮೂರು ಹತ್ತಕ್ಕೆ ಬರತ್ತೆ, ಅದೊಂದೇ ಆರು. ಏನೂ ವಾಪಸ್ ಎಳೀಬೇಡ ಅಂತ ಹೇಳಿ. ನೀರು ಕುಡಿ ಅನ್ನಿ. ನಾನು ಫೋನ್ ಇಡಲ್ಲ."

ಇಡಲಿಲ್ಲ. ಗೋಡೆಗೆ ಒರಗಿ, ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಳು. ಆ ಕಡೆಯಿಂದ ಬ್ಯಾಂಕಿನ ಫ್ಯಾನು ತಿರುಗುವ ಸದ್ದು ಮಾತ್ರ. ಮಂಚದ ಮೇಲೆ ಕೂತ ತಾಯಿ ಮಗಳ ಮುಖವನ್ನೇ ನೋಡುತ್ತಿದ್ದಳು. ಮೂರು ಹತ್ತಾಯಿತು. ಹನ್ನೊಂದಾಯಿತು. ಸೊನ್ನೆಯಕ್ಕನ ಹಣೆಯಿಂದ ಬೆವರಿಳಿಯಿತು.

"ಬಂತು," ಎಂದಿತು ದನಿ.

ಅವಳು ಫೋನಿಟ್ಟು ಹಾಗೇ ಗೋಡೆಗುಂಟ ಜಾರಿ ಕೂತಳು.

"ಯಾರದು?" ಎಂದಳು ತಾಯಿ.

"ಆಫೀಸಿಂದ."

"ಹತ್ತಿದ್ರಾ?"

"ಹತ್ತಿದ್ರಮ್ಮ."

ಮುದುಕಿ ಮಂಚದಿಂದ ಇಳಿದು, ಬಗ್ಗಿ ಪೆಟ್ಟಿಗೆ ಎಳೆದಳು. ಮೇಲೆಯೇ ಇದ್ದವು, ಸಂಬಳವಾದ ದಿನ ಆಯಾ ಅಂಗಡಿಯಿಂದ ತಂದು ಹಿಂದಕ್ಕೆ ಕೊಟ್ಟ ನಾಲ್ಕು ಹೊಸ ಸೋಪು. ಅವುಗಳಲ್ಲಿ ಒಂದನ್ನು ಎತ್ತಿಕೊಂಡು ಸುತ್ತಿದ ಕಾಗದವನ್ನು ಹಲ್ಲಿನಿಂದ ಹರಿದಳು.

"ತಗೋ," ಎಂದು ಮಗಳ ಕೈಗೆ ಕೊಟ್ಟಳು. "ಮುಖ ತೊಳ್ಕೊಂಡು ಬಾ."